ದ್ವಿತೀಯ ಪಿ.ಯು.ಸಿ. ವಿದ್ಯಾರ್ಥಿಗೂ ಒಂದು ಮುಂಗಡಪತ್ರ ಬೇಕು

ವರ್ತಕರಾದ ನಾವು ಏಪ್ರಿಲ್ ಒಂದರಿಂದ ಹೊಸ ಲೆಕ್ಕಪುಸ್ತಕವನ್ನು ತೆರೆಯುತ್ತೇವೆ. ಅದೇ ತಿಂಗಳಿನಲ್ಲಿ ದ್ವಿತೀಯ ಪಿ.ಯು.ಸಿ. ಮುಗಿಸಿದ ಮಕ್ಕಳು "ಮುಂದೇನು?" ಎಂದು ಕೇಳತೊಡಗುತ್ತಾರೆ. ಈ ಪ್ರಶ್ನೆಯನ್ನು ಆರು ತಿಂಗಳು ತಡವಾಗಿ ಕೇಳಲಾಗುತ್ತಿದೆ ಎಂಬುದು ನನ್ನ ಅನುಭವದ ಮಾತು.

ಕೆಲವು ವರ್ಷಗಳ ಹಿಂದೆ ನವಲಿಯ ಸಣ್ಣ ವರ್ತಕರೊಬ್ಬರು ಮಗನೊಡನೆ ನನ್ನ ಕಚೇರಿಗೆ ಬಂದಿದ್ದರು. ಹುಡುಗನಿಗೆ ರಾಯಚೂರಿನ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯದಲ್ಲಿ ಓದುವ ಆಸೆಯಿತ್ತು. ಸಿಇಟಿಯಲ್ಲಿ ತಕ್ಕಮಟ್ಟಿನ ಸ್ಥಾನವೂ ದೊರೆತಿತ್ತು. ಆದರೆ ಸಂವಿಧಾನದ 371(ಜೆ) ವಿಧಿಯ ಅರ್ಹತಾ ಪತ್ರವನ್ನು ಪಡೆದಿರಲಿಲ್ಲ. ಅರ್ಜಿಯಲ್ಲಿ ಆ ಮೀಸಲಾತಿಯನ್ನು ಕೋರಿರಲೂ ಇಲ್ಲ. ತಂದೆಯವರು ಆದಾಯ ಪ್ರಮಾಣಪತ್ರವೊಂದೇ ಸಾಕೆಂದು ತಿಳಿದಿದ್ದರು. ಅವರು ನನ್ನಲ್ಲಿಗೆ ಬರುವ ವೇಳೆಗೆ ನಾನು ಮಾಡಬಹುದಾದದ್ದು ಏನೂ ಉಳಿದಿರಲಿಲ್ಲ.

2012ರ ತಿದ್ದುಪಡಿಯಿಂದ ಬಂದ ಈ ವಿಧಿ, ಜನನದಿಂದ ಅಥವಾ ವಾಸ್ತವ್ಯದಿಂದ ನಮ್ಮ ಪ್ರದೇಶಕ್ಕೆ ಸೇರಿದವರಿಗೆ ಅನ್ವಯಿಸುತ್ತದೆ. 2013ರ ಆದೇಶದಂತೆ ಕಲ್ಯಾಣ ಕರ್ನಾಟಕದ ಶಿಕ್ಷಣ ಸಂಸ್ಥೆಗಳಲ್ಲಿ ಶೇಕಡಾ 70, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇಕಡಾ 8 ಸ್ಥಾನಗಳು ಮೀಸಲಾಗಿವೆ. ಅರ್ಹತಾ ಪತ್ರವನ್ನು ಕೊಡುವವರು ಉಪವಿಭಾಗಾಧಿಕಾರಿಗಳು. ವ್ಯಾಸಂಗ ಹಾಗೂ ವಾಸ್ತವ್ಯದ ದಾಖಲೆಗಳನ್ನು ಒಟ್ಟುಗೂಡಿಸುವುದೇ ಕೆಲವೊಮ್ಮೆ ಒಂದು ತಿಂಗಳ ಕೆಲಸ. ಆದ್ದರಿಂದ ದೀಪಾವಳಿಯ ಹೊತ್ತಿಗೆ ಈ ಕಾರ್ಯವನ್ನು ಮುಗಿಸಿಡುವುದು ಲೇಸು. ಲಕ್ಷ್ಮೀಪೂಜೆಗೆ ಖಾತೆಪುಸ್ತಕವನ್ನಿಡುವ ಮನೆಗಳಲ್ಲಿ ಅದರ ಪಕ್ಕದಲ್ಲಿ ಈ ಪತ್ರವನ್ನೂ ಇಡಬಹುದು.

ಕಲಬುರಗಿ ಜಿಲ್ಲೆಯಲ್ಲಿರುವ ಕೇಂದ್ರೀಯ ವಿಶ್ವವಿದ್ಯಾಲಯದ ಪದವಿ ಪ್ರವೇಶವು ಸಿಯುಇಟಿ ಪರೀಕ್ಷೆಯ ಮೂಲಕ ನಡೆಯುತ್ತದೆ. ಇದನ್ನು 13 ಭಾಷೆಗಳಲ್ಲಿ ಬರೆಯಬಹುದು. ಅವುಗಳಲ್ಲಿ ಕನ್ನಡವೂ ಒಂದು. ಆದರೆ ಅರ್ಜಿಯ ಅವಧಿಯು ಸಾಮಾನ್ಯವಾಗಿ ಪಿ.ಯು.ಸಿ. ಫಲಿತಾಂಶಕ್ಕೆ ಮೊದಲೇ ಮುಗಿದಿರುತ್ತದೆ. ಫಲಿತಾಂಶ ನೋಡಿ ತೀರ್ಮಾನಿಸೋಣವೆನ್ನುವವರಿಗೆ ಆ ಬಾಗಿಲು ಮುಚ್ಚಿದಂತೆಯೇ ಸರಿ.

ವಾಣಿಜ್ಯ ವಿಭಾಗದವರು ನನ್ನ ವೃತ್ತಿಯ ಕುರಿತು ಕೇಳುವುದುಂಟು. ಸಿ.ಎ. ಫೌಂಡೇಶನ್‌ಗೆ ಹತ್ತನೆಯ ತರಗತಿಯ ನಂತರವೇ ನೋಂದಾಯಿಸಿಕೊಳ್ಳಬಹುದು. ಪರೀಕ್ಷೆ ಬರೆಯುವುದು ಪಿ.ಯು.ಸಿ. ಪರೀಕ್ಷೆಯ ನಂತರ. ನಡುವೆ ನಾಲ್ಕು ತಿಂಗಳ ಅಧ್ಯಯನಾವಧಿ ಕಡ್ಡಾಯವಾದುದರಿಂದ, ಬೇಸಿಗೆಯ ಪರೀಕ್ಷೆಗೆ ಕೂರಬೇಕಾದವರು ಜನವರಿ ಒಂದರೊಳಗೆ ನೋಂದಾಯಿಸಿರಬೇಕು. 2023ರಿಂದ ಪ್ರಾಯೋಗಿಕ ತರಬೇತಿಯು ಮೂರು ವರ್ಷಗಳಿಂದ ಎರಡಕ್ಕೆ ಇಳಿದಿದೆ. ಶೇಕಡಾ 55 ಅಂಕ ಪಡೆದ ಬಿ.ಕಾಂ. ಪದವೀಧರರಿಗೆ ನೇರವಾಗಿ ಇಂಟರ್‌ಮೀಡಿಯೆಟ್ ಹಂತಕ್ಕೆ ಪ್ರವೇಶವುಂಟು. ಇಲ್ಲಿ ಉತ್ತರಿಸಬೇಕಾದ ಭಾಷೆ ಮಾತ್ರ ಇಂಗ್ಲಿಷ್ ಅಥವಾ ಹಿಂದಿ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಮೊದಲ ವರ್ಷ ಕಠಿಣವೇ; ಇದನ್ನು ಮುಚ್ಚಿಟ್ಟು ಹುರಿದುಂಬಿಸುವುದು ನನಗೆ ಒಗ್ಗದು.

ಇನ್ನು ಹಣದ ವಿಚಾರ. ನವಲಿಯ ವ್ಯವಹಾರವು ಗಂಗಾವತಿ, ಕಾರಟಗಿಗಳ ಭತ್ತದ ಪೇಟೆಯನ್ನು ಅವಲಂಬಿಸಿದೆ. ಮೊದಲ ಬೆಳೆಯ ಹಣ ನವೆಂಬರ್, ಡಿಸೆಂಬರ್‌ನಲ್ಲಿ ಕೈಸೇರುತ್ತದೆ, ಎರಡನೆಯದು ಬೇಸಿಗೆಯಲ್ಲಿ. ಕಾಲೇಜಿನ ಶುಲ್ಕ ಕಟ್ಟಬೇಕಾದುದು ಜೂನ್, ಜುಲೈನಲ್ಲಿ. ಆದ್ದರಿಂದ ಅನೇಕ ಮನೆಗಳಲ್ಲಿ ಎರಡನೆಯ ಬೆಳೆಯೇ ಶುಲ್ಕದ ನಿಧಿ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೆಯ ಗೇಟು ಕೊಚ್ಚಿಹೋಯಿತು. ಮುಂದೆ ಗೇಟುಗಳ ಬದಲಾವಣೆಗಾಗಿ 2025-26ರಲ್ಲಿ ಎರಡನೆಯ ಬೆಳೆಗೆ ನೀರು ಹರಿಸಲಿಲ್ಲ. ಅಂಥ ವರ್ಷದಲ್ಲಿ ಮೊದಲ ಬೆಳೆಯ ಹುಟ್ಟುವಳಿಯಿಂದಲೇ ಶುಲ್ಕವನ್ನು ತೆಗೆದಿಡದಿದ್ದರೆ ಉಳಿಯುವುದು ಸಾಲವೊಂದೇ. ಅಂಗಡಿಯ ಕೈಸಾಲದ ಬಡ್ಡಿಯ ದರವನ್ನು ವರ್ತಕರ ಪತ್ರಿಕೆಯಲ್ಲಿ ಬರೆಯಲು ನನಗೆ ಸಂಕೋಚವಿದೆ. ಬ್ಯಾಂಕಿನ ಶಿಕ್ಷಣ ಸಾಲಕ್ಕೆ 4 ಲಕ್ಷ ರೂಪಾಯಿಗಳವರೆಗೆ ಆಸ್ತಿಯ ಅಡಮಾನ ಬೇಕಿಲ್ಲ. ಮರುಪಾವತಿಯೂ ವ್ಯಾಸಂಗ ಮುಗಿದು ಒಂದು ವರ್ಷದ ತರುವಾಯ ಆರಂಭವಾಗುತ್ತದೆ. ಆದರೆ ಬಡ್ಡಿ ಮೊದಲ ದಿನದಿಂದಲೇ ಬೆಳೆಯುತ್ತದೆಂಬುದನ್ನು ಮರೆಯಬಾರದು.

ಸದಸ್ಯ ಬಾಂಧವರಲ್ಲಿ ಒಂದು ವಿನಂತಿ. 2017ರಲ್ಲಿ ಜಿಎಸ್‌ಟಿ ಬಂದಿತು. 2022ರ ಜುಲೈ 18ರಿಂದ 25 ಕಿಲೋವರೆಗಿನ ಲೇಬಲ್ ಸಹಿತ ಅಕ್ಕಿ ಚೀಲಗಳಿಗೆ ಶೇಕಡಾ 5 ತೆರಿಗೆ ಬಿದ್ದಿತು. ಅಲ್ಲಿಂದೀಚೆಗೆ ಲೆಕ್ಕ ಬಲ್ಲ ಯುವಕರು ದೊರೆಯುತ್ತಿಲ್ಲವೆಂದು ಗಿರಣಿ ಮಾಲೀಕರೇ ನನ್ನಲ್ಲಿ ದೂರುತ್ತಾರೆ. ಪರೀಕ್ಷೆ ಮುಗಿದ ರಜೆಯಲ್ಲಿ ಊರಿನ ಇಬ್ಬರು ಮಕ್ಕಳನ್ನು ಹದಿನೈದು ದಿನ ಗುಮಾಸ್ತರ ಪಕ್ಕದಲ್ಲಿ ಕೂರಿಸಿ, ಬಿಲ್ಲು ಬರೆಯುವುದನ್ನೂ ಇ-ವೇ ಬಿಲ್ ತೆಗೆಯುವುದನ್ನೂ ತೋರಿಸಬಾರದೇಕೆ? ಈ ಕೆಲಸ ತನಗೆ ಹಿಡಿಸುವುದೋ ಇಲ್ಲವೋ ಎಂಬುದು ಮೂರು ವರ್ಷದ ಪದವಿಗೆ ಸೇರುವ ಮೊದಲೇ ಮಗುವಿಗೆ ತಿಳಿಯುತ್ತದೆ.

ನವಲಿಯ ಆ ಹುಡುಗ ಬಿ.ಕಾಂ. ಸೇರಿದ. ಮರುವರ್ಷ ಅವನ ತಂಗಿಯ ಅರ್ಹತಾ ಪತ್ರವನ್ನು ತಂದೆಯವರು ನವೆಂಬರ್‌ನಲ್ಲಿಯೇ ಮಾಡಿಸಿ, ಒಂದು ಪ್ರತಿಯನ್ನು ನನ್ನ ಕಚೇರಿಯಲ್ಲಿಯೂ ಇರಿಸಿ ಹೋದರು.