ಗಾಜಿನ ಎಳೆ ಕೂಡಿಸುವವರು

ತೆಲಂಗಾಣದ ಮಕ್ತಲ್‌ನಲ್ಲಿ ಇಂಟರ್ನೆಟ್ ನಿಧಾನವಾದರೆ ಜನ ಮೊದಲು ಟವರಿನ ಕಡೆ ನೋಡುತ್ತಾರೆ. ಬೈಯಲು ಕಣ್ಣಿಗೆ ಕಾಣುವುದು ಅದೊಂದೇ. ಆದರೆ ಫೋನಿನಿಂದ ಟವರಿನವರೆಗಿನ ಗಾಳಿಯ ದಾರಿ ಬಹಳವೆಂದರೆ ಕೆಲವೇ ಕಿಲೋಮೀಟರು. ಅಲ್ಲಿಂದ ಮುಂದೆ ಹೈದರಾಬಾದಿಗೋ ಬೆಂಗಳೂರಿಗೋ ಹೋಗುವ ನೂರಾರು ಕಿಲೋಮೀಟರಿನ ದಾರಿ ಬಹುಪಾಲು ನೆಲದೊಳಗೆ, ಗಾಜಿನ ಎಳೆಗಳಲ್ಲಿ ಇದೆ. ಆ ಎಳೆ ಕಡಿದಾಗ ರಸ್ತೆ ಪಕ್ಕದಲ್ಲಿ ಕೂತು ಕೂಡಿಸುವವರಿದ್ದಾರಲ್ಲ, ಅವರ ಕಸುಬನ್ನು ಹತ್ತಿರದಿಂದ ನೋಡಬೇಕು.

2ಜಿ ಕಾಲದಲ್ಲಿ ಒಂದು ಟವರಿಗೆ ಸೆಕೆಂಡಿಗೆ 2 ಮೆಗಾಬಿಟ್‌ನ ಒಂದೆರಡು ಲೈನು ಇದ್ದರೆ ನಡೆದುಹೋಗುತ್ತಿತ್ತು. ಟವರಿನ ಮೇಲಿನ ದುಂಡನೆಯ ಮೈಕ್ರೋವೇವ್ ತಟ್ಟೆಗಳೇ ಅಷ್ಟನ್ನು ಸಾಗಿಸುತ್ತಿದ್ದವು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದಿತು, 4ಜಿ ಹಳ್ಳಿಗಳಿಗೆ ಹರಡಿತು. 2022ರ ಅಕ್ಟೋಬರ್ 1ಕ್ಕೆ ದೇಶದಲ್ಲಿ 5ಜಿಯೂ ಶುರುವಾಯಿತು. ಇವುಗಳ ಡೇಟಾ ಹೊರೆಯನ್ನು ಹೊರಲು ಟವರಿನ ಬುಡಕ್ಕೆ ಫೈಬರ್ ಬೇಕೇಬೇಕಾಯಿತು.

ಗಾಜಿನಲ್ಲಿ ಬೆಳಕನ್ನು ಕಿಲೋಮೀಟರುಗಟ್ಟಲೆ ಕಳಿಸಬಹುದೆಂದು 1966ರಲ್ಲಿ ವಿಜ್ಞಾನಿ ಚಾರ್ಲ್ಸ್ ಕಾವ್ ಲೆಕ್ಕ ಹಾಕಿ ತೋರಿಸಿದಾಗ ಅವರು ಇಟ್ಟ ಗುರಿ ತೀರಾ ಸಣ್ಣದು: ಒಂದು ಕಿಲೋಮೀಟರು ದಾಟಿದ ಮೇಲೆ ನೂರರಲ್ಲಿ ಒಂದು ಪಾಲು ಬೆಳಕು ಉಳಿದರೆ ಸಾಕು. 1970ರಲ್ಲಿ ಕಾರ್ನಿಂಗ್ ಕಂಪನಿಯವರು ಆ ಗುರಿ ಮುಟ್ಟಿದರು. ಇಂದಿನ ಗಾಜಿನಲ್ಲಿ ಅದೇ ಒಂದು ಪಾಲು ಉಳಿಯುವುದು 100 ಕಿಲೋಮೀಟರು ಹೋದ ಮೇಲೆ. ಕಿಲೋಮೀಟರಿಗೆ 0.2 ಡೆಸಿಬೆಲ್ ನಷ್ಟ ಎಂದು ಕಸುಬಿನವರು ಹೇಳುವುದು ಇದನ್ನೇ. ಈ 0.2 ಅನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಮುಂದಿನದೆಲ್ಲ ಸಲೀಸು.

ಎಳೆಯ ದಪ್ಪ ಒಂದು ಮಿಲಿಮೀಟರಿನ ಎಂಟನೇ ಒಂದು ಭಾಗ. ಬೆಳಕು ಓಡುವ ನಡುತಿರುಳು ಅದಕ್ಕಿಂತಲೂ ಸಣ್ಣ, ಸುಮಾರು 9 ಮೈಕ್ರಾನ್. ಎರಡು ತುಂಡುಗಳ ತಿರುಳಿಗೆ ತಿರುಳು ನೇರ ಕೂಡಬೇಕು. ಗದ್ವಾಲ್, ನಾರಾಯಣಪೇಟೆಗಳಲ್ಲಿ ಹಳೇ ಹಾಸಿನ ತುದಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಕೆಚ್ಚುವ ನೇಕಾರರನ್ನು ಕಂಡವರಿಗೆ ಈ ತಾಳ್ಮೆ ಪರಿಚಿತವೇ. ನೂಲನ್ನಾದರೆ ಬೆರಳಲ್ಲಿ ಹೊಸೆಯಬಹುದು. ಗಾಜನ್ನು ಕರಗಿಸಿಯೇ ಕೂಡಿಸಬೇಕು.

ಕೆಲಸ ಹೀಗೆ ಸಾಗುತ್ತದೆ. ಕೇಬಲ್ಲಿನ ಸಿಪ್ಪೆ ಸುಲಿದು, ಒಳಗಿನ ಜೆಲ್ಲಿ ಒರೆಸಿ, ಎಳೆಗಳನ್ನು ಬಣ್ಣದ ಮೇಲೆ ಬೇರ್ಪಡಿಸುತ್ತಾರೆ. ಬಣ್ಣ ಹನ್ನೆರಡು, ನೀಲಿಯಿಂದ ಶುರು. ಆ ಸಾಲು ಬಾಯಿಪಾಠವಾಗಿರಬೇಕು. "ಅಣ್ಣಾ, ಬ್ಲೂ ಆತು, ಆರೆಂಜ್ ಕೊಡ್ಲೇನು?" ಎಂದು ಸಹಾಯಕ ಕೇಳುತ್ತಿರುತ್ತಾನೆ. ಮೊದಲು ಎಳೆಗೆ, ಮುಂದೆ ಜಾಯಿಂಟನ್ನು ಕಾಪಾಡುವ ಸಣ್ಣ ಕೊಳವೆಯೊಂದನ್ನು, ಅಂದರೆ ಸ್ಲೀವ್, ತೂರಿಸಿ ಇಟ್ಟುಕೊಳ್ಳಬೇಕು. ಮರೆತರೆ ಚೆನ್ನಾಗಿ ಆದ ಜಾಯಿಂಟನ್ನೂ ಕಡಿದು ಮತ್ತೆ ಮಾಡಬೇಕಾಗುತ್ತದೆ. ಆಮೇಲೆ ಮೇಲಿನ ಬಣ್ಣದ ಲೇಪ ತೆಗೆದು ಸ್ಪಿರಿಟ್ಟಿನಲ್ಲಿ ಒರೆಸುವುದು. ಗಾಜು ಶುದ್ಧವಾದಾಗ ಕಾಗದದಡಿ ಕಿಚ್ ಎನ್ನುತ್ತದೆ. ಪಳಗಿದವರು ಕಣ್ಣಿಗಿಂತ ಆ ಸದ್ದನ್ನು ನಂಬುತ್ತಾರೆ.

ನನಗೆ ಅತಿ ಸೊಗಸೆನಿಸುವುದು ಕ್ಲೀವಿಂಗ್. ಇಲ್ಲಿ ಗಾಜನ್ನು ಕತ್ತರಿಸುವುದಿಲ್ಲ. ಗಟ್ಟಿ ಅಲಗಿನಿಂದ ಬರೀ ಒಂದು ಗೀರು ಕೊಟ್ಟು ಬಗ್ಗಿಸಿದರೆ ಎಳೆ ತಾನಾಗಿ ಸೀಳಿಕೊಂಡು ಕನ್ನಡಿಯಷ್ಟು ನುಣುಪಾದ ಮುಖ ಬಿಡುತ್ತದೆ. ಆ ಮುಖದ ಓರೆ ಒಂದು ಡಿಗ್ರಿ ಮೀರಬಾರದು. ಉದುರಿದ ಚೂರನ್ನು ಡಬ್ಬಿಗೇ ಹಾಕಬೇಕು, ಚರ್ಮಕ್ಕೆ ಹೊಕ್ಕರೆ ಹುಡುಕಿ ತೆಗೆಯುವುದು ಬಹಳ ಕಷ್ಟ. ಬಳಿಕ ಎರಡೂ ತುದಿಗಳು ಸ್ಪ್ಲೈಸಿಂಗ್ ಯಂತ್ರಕ್ಕೆ. ಯಂತ್ರವೇ ಅವುಗಳನ್ನು ದೊಡ್ಡದು ಮಾಡಿ ಪರದೆಯಲ್ಲಿ ತೋರಿಸಿ, ಸರಿಹೊಂದಿಸಿ, ವಿದ್ಯುತ್ ಕಿಡಿ ಹಾರಿಸಿ ಬೆಸೆಯುತ್ತದೆ. ನೋಡುವವನಿಗೆ ಎಲ್ಲವೂ ಯಂತ್ರದ್ದೇ ಅನ್ನಿಸಬಹುದು. ಆದರೆ ಓರೆಯಾದ ಮುಖವನ್ನು ಯಾವ ಯಂತ್ರವೂ ನೆಟ್ಟಗೆ ಮಾಡಲಾರದು. ಬೇಸಿಗೆಯಲ್ಲಿ ಎರೆಹೊಲದ ಗಾಳಿ ಹೊತ್ತು ತರುವ ಧೂಳಿನ ಕಣ ನಡುತಿರುಳಿಗಿಂತ ದೊಡ್ಡದು. ಅದಕ್ಕೇ ಆ ಬಿಸಿಲಲ್ಲೂ ಟೆಂಟಿನ ಬಾಗಿಲು ಮುಚ್ಚಿ, ವ್ಯಾನಿನೊಳಗಾದರೆ ಕಿಟಕಿ ಏರಿಸಿ, ಬೆವರು ಒರೆಸಿಕೊಳ್ಳುತ್ತ ಕೆಲಸ ಮಾಡುತ್ತಾರೆ.

ಒಳ್ಳೆಯ ಜಾಯಿಂಟಿನ ನಷ್ಟ 0.02ರಿಂದ 0.05 ಡೆಸಿಬೆಲ್, ಅಂದರೆ ನೂರರಿಂದ ಇನ್ನೂರೈವತ್ತು ಮೀಟರ್ ಗಾಜಿನಷ್ಟು. ಕೆಟ್ಟದ್ದು 0.5 ತಿಂದರೆ ಎರಡೂವರೆ ಕಿಲೋಮೀಟರು ಹೋದ ಹಾಗೆ. ಜೆಸಿಬಿ ಒಮ್ಮೆ ಕಡಿದರೆ ಸಾಮಾನ್ಯವಾಗಿ ನಡುವೆ ಹೊಸ ತುಂಡು ಹಾಕಬೇಕು, ಆಗ ಎರಡು ಕಡೆ ಜಾಯಿಂಟು. 24 ಎಳೆಯ ಕೇಬಲ್ ಆದರೆ 48 ಬೆಸುಗೆ, ಒಂದೇ ಸಲಕ್ಕೆ ಕೂತು. ಎಲ್ಲ ಮುಗಿದು ಎಳೆಗಳನ್ನು ತಟ್ಟೆಯಲ್ಲಿ ಸುತ್ತುವಾಗ ಸುರುಳಿ ತೀರಾ ಬಿಗಿಯಾದರೂ ಬೆಳಕು ಸೋರುತ್ತದೆ.

ಈ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರು ಓಡುತ್ತದೆ. ಮಕ್ತಲ್‌ನ ಹುಡುಗಿಯೊಬ್ಬಳು ಸರ್ಚ್‌ನಲ್ಲಿ ಕನ್ನಡದಲ್ಲೊಂದು ಪದ ಹೊಡೆದರೆ ಅದು ಹೈದರಾಬಾದ್ ಸೇರಲು ಸುಮಾರು ಒಂದು ಮಿಲಿಸೆಕೆಂಡು ಸಾಕು. ಹಾಗಾಗಿ ದೂರ ಅಷ್ಟೇನೂ ಕಾಡುವುದಿಲ್ಲ. ಕಾಡುವುದು ದಾರಿಯಲ್ಲಿ ಸೋರಿಹೋಗುವ ಬೆಳಕು.

ಸೋರುವ ಜಾಗ ಹುಡುಕಲು ಒಟಿಡಿಆರ್ ಎಂಬ ಪೆಟ್ಟಿಗೆಯಿದೆ. ಅದು ಎಳೆಯೊಳಗೆ ಬೆಳಕಿನ ಮಿಡಿತ ಕಳಿಸಿ, ಹಿಂದಿರುಗಿದ ಚೂರುಪಾರು ಬೆಳಕಿನ ಹೊತ್ತು ಅಳೆದು ಪರದೆಯಲ್ಲಿ ಗೆರೆ ಎಳೆಯುತ್ತದೆ. ಗೆರೆ ಕುಸಿದಲ್ಲಿ ಜಾಯಿಂಟು, ನೆಲಕಚ್ಚಿದಲ್ಲಿ ಕಡಿತ. ಆದರೆ ಪೆಟ್ಟಿಗೆ ಹೇಳುವ ದೂರ ಗಾಜಿನದು, ರಸ್ತೆಯದಲ್ಲ. ನೆಲದಡಿಯ ಚೇಂಬರುಗಳಲ್ಲಿ, ಸೇತುವೆಯ ತುದಿಗಳಲ್ಲಿ ಮುಂದಿನ ರಿಪೇರಿಗೆಂದು ಹತ್ತಾರು ಮೀಟರ್ ಕೇಬಲ್ ಸುತ್ತಿಟ್ಟಿರುತ್ತಾರೆ. ಯಾವ ಚೇಂಬರಿನಲ್ಲಿ ಎಷ್ಟು ಸುತ್ತು ಉಳಿದಿದೆ, ಹಿಂದಿನ ರಿಪೇರಿಯಲ್ಲಿ ಎಷ್ಟು ಎಳೆದುಕೊಂಡಿದ್ದೇವೆ ಎಂಬುದು ಗೊತ್ತಿದ್ದವನೇ ಕಡಿತ ಮಾಗನೂರು ಊರಿನ ಈಚೆಗೋ ಆಚೆಗೋ ಎಂದು ಹೇಳಿ ಸರಿಯಾದ ಕಡೆ ಅಗೆಸಬಲ್ಲ. ಕಡಿತವಿಲ್ಲದ ದಿನಗಳಲ್ಲಿ ಇಂಥವರು ಹಳೆಯ ಜಾಯಿಂಟಿನ ಡಬ್ಬಿ ಬಿಚ್ಚಿ, 0.3 ತಿನ್ನುತ್ತಿದ್ದ ಬೆಸುಗೆಯೊಂದನ್ನು ಮುರಿದು 0.03ಕ್ಕೆ ಇಳಿಸಿದರೆ, ಆ ಎಳೆಗೆ ಒಂದು ಕಿಲೋಮೀಟರಿಗೂ ಹೆಚ್ಚಿನ ದಾರಿ ವಾಪಸು ಸಿಕ್ಕ ಲೆಕ್ಕ.