ಅವರೆಯ ಹಳದಿ ನಂಜು: ಕಾರಣ ಮತ್ತು ನಿವಾರಣೆ

ಧನುರ್ಮಾಸದ ಮಂಜು ಕವಿಯುವ ವೇಳೆಗೆ ವಿದ್ಯಾರಣ್ಯಪುರದ ಬೀದಿಗಳಲ್ಲಿ ಸೊಗಡವರೆಯ ರಾಶಿಗಳು ಕಾಣಿಸಿಕೊಳ್ಳುತ್ತವೆ. ಹಿತಕವರೆಯ ಸಾರು, ಅವರೆಕಾಳಿನ ಉಪ್ಪಿಟ್ಟು, ಅಕ್ಕಿರೊಟ್ಟಿ ಇವುಗಳಿಲ್ಲದ ಸಂಕ್ರಾಂತಿಯನ್ನು ಬೆಂಗಳೂರು ಸೀಮೆಯ ಗೃಹಿಣಿಯರು ಕಲ್ಪಿಸಿಕೊಳ್ಳಲಾರರು. ಹೊಯ್ಸಳ ಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳು ನೀಡಿದುದರಿಂದ ಈ ಊರಿಗೆ 'ಬೆಂದಕಾಳೂರು' ಎಂಬ ಹೆಸರಾಯಿತೆಂಬ ಐತಿಹ್ಯವು ಸರ್ವವಿದಿತ. ಬಲ್ಲಾಳನಿಗಿಂತ ಬಹು ಹಿಂದಿನ ಬೇಗೂರಿನ ಶಾಸನದಲ್ಲಿಯೇ 'ಬೆಂಗಳೂರು' ಎಂಬ ಹೆಸರು ಇರುವುದರಿಂದ ಆ ಕಥೆ ಚರಿತ್ರೆಯ ಒರೆಗಲ್ಲಿನಲ್ಲಿ ನಿಲ್ಲದು. ಆದರೂ ಊರಿನ ಹೆಸರನ್ನು ಕಾಳಿನೊಡನೆ ಬೆಸೆಯಬೇಕೆಂದು ಜನಕ್ಕೆ ತೋರಿತಲ್ಲವೆ, ಆ ಅಕ್ಕರೆ ಮಾತ್ರ ಸುಳ್ಳಲ್ಲ.

ಸಂಸ್ಕೃತದಲ್ಲಿ 'ನಿಷ್ಪಾವ'ವೆಂದು ಹೆಸರಾದ ಈ ಅವರೆಗೆ ಅಂಟಿದ ಪೀಡೆಗಳಲ್ಲಿ ಹಳದಿ ನಂಜುರೋಗವು ಅತ್ಯಂತ ಹಾನಿಕರವಾದುದು. ಮೊದಲು ಎಳೆಯ ಎಲೆಯ ಮೇಲೆ ಚುಕ್ಕಿಗಳಂತೆ ಹಳದಿ ಮಚ್ಚೆಗಳು ಮೂಡುತ್ತವೆ. ಕ್ರಮೇಣ ಅವು ಹರಡಿ, ಹಸುರೂ ಹಳದಿಯೂ ಬೆರೆತ ಚಿತ್ತಾರದಂತೆ ತೋರುತ್ತವೆ. ನೋಡುವವರಿಗೆ ಅದೊಂದು ಚೆಲುವು. ಬೆಳೆದವನಿಗೆ ಅದೊಂದು ಸಂಕಟ. 'ಬೆಳೆಯುವ ಸಿರಿ ಮೊಳಕೆಯಲ್ಲಿ' ಎಂಬ ಗಾದೆ ಇಲ್ಲಿ ವಿಪರ್ಯಾಸದಿಂದ ನಿಜವಾಗುತ್ತದೆ. ಗಿಡವು ಎಳೆಯದಾಗಿರುವಾಗ ನಂಜು ತಗುಲಿದರೆ ಕಾಯಿ ಕಟ್ಟುವುದೇ ದುರ್ಲಭ. ಹೂ ಬಿಟ್ಟ ಬಳಿಕ ತಗುಲಿದರೆ ನಷ್ಟ ಅಷ್ಟು ತೀವ್ರವಲ್ಲ. ಆದುದರಿಂದ ಬಿತ್ತಿದ ಮೊದಲ ತಿಂಗಳು ಕಾವಲಿನ ಕಾಲವೆಂದು ತಿಳಿಯಬೇಕು.

ಅನೇಕ ರೈತರು ಈ ಹಳದಿಯನ್ನು ಗೊಬ್ಬರದ ಕೊರತೆಯೆಂದು ಭ್ರಮಿಸಿ ಯೂರಿಯಾ ಸುರಿಯುವುದುಂಟು. ಅದರಿಂದ ರೋಗ ಗುಣವಾಗದು. ಸೊಂಪಾಗಿ ಬೆಳೆದ ಮೆದು ಚಿಗುರು ಕೀಟಗಳಿಗೆ ಔತಣವಾಗುತ್ತದೆ. ಪೋಷಕಾಂಶದ ಕೊರತೆಯಿಂದ ಹಳದಿಯಾದ ಎಲೆ ಸಾಮಾನ್ಯವಾಗಿ ಒಂದು ಕ್ರಮದಲ್ಲಿ ಬಣ್ಣಗೆಡುತ್ತದೆ. ನಂಜಿನ ಹಳದಿಯಾದರೋ ತೇಪೆತೇಪೆಯಾಗಿ, ಗಿಡದಿಂದ ಗಿಡಕ್ಕೆ ಬಿಟ್ಟುಬಿಟ್ಟು ಕಾಣುತ್ತದೆ.

'ವೈರಸ್' ಎಂಬ ಲ್ಯಾಟಿನ್ ಶಬ್ದಕ್ಕೆ ವಿಷವೆಂದೇ ಅರ್ಥ. ಕನ್ನಡದ 'ನಂಜು' ಎಂಬ ಪದವೂ ಅದನ್ನೇ ಸೂಚಿಸುವುದರಿಂದ 'ನಂಜಾಣು' ಎಂಬ ಪರಿಭಾಷೆ ಬಹಳ ಔಚಿತ್ಯಪೂರ್ಣವಾದುದು. ಅವರೆಯ ಈ ರೋಗವನ್ನು ಕಪೂರ್ ಮತ್ತು ವರ್ಮಾ ಎಂಬ ವಿಜ್ಞಾನಿಗಳು 1950ರಲ್ಲಿ ವರ್ಣಿಸಿದರು. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ವಿ. ಮುನಿಯಪ್ಪ ಮೊದಲಾದ ಸಂಶೋಧಕರು ಸಹೋದ್ಯೋಗಿಗಳೊಡನೆ ನಡೆಸಿದ ಅಧ್ಯಯನವು 2006ರಲ್ಲಿ ಪ್ರಕಟವಾಗಿ, ಈ ನಂಜಾಣುವು ತನ್ನದೇ ಆದ ಪ್ರತ್ಯೇಕ ವಂಶಕ್ಕೆ ಸೇರಿದುದೆಂದು ಸ್ಥಾಪಿಸಿತು.

ನಂಜಾಣುವಿಗೆ ಕಾಲಿಲ್ಲ, ರೆಕ್ಕೆಯಿಲ್ಲ. ಅದನ್ನು ಹೊತ್ತು ತಿರುಗುವುದು ಬಿಳಿನೊಣ. ಒಂದು ಮಿಲಿಮೀಟರಿನಷ್ಟೇ ಉದ್ದದ ಈ ಕೀಟವು ಎಲೆಯ ಕೆಳಬದಿಯಲ್ಲಿ ಕುಳಿತು ರಸ ಹೀರುತ್ತದೆ. ರೋಗಿಷ್ಠ ಗಿಡದ ರಸದೊಡನೆ ಒಳಹೊಕ್ಕ ನಂಜಾಣು ಅದರ ಕರುಳನ್ನು ದಾಟಿ, ದೇಹದ್ರವದ ಮೂಲಕ ಲಾಲಾರಸವನ್ನು ಸೇರಲು ಕೆಲವು ತಾಸುಗಳು ಬೇಕು. ಆ ಬಳಿಕ ನೊಣವು ಬಹುದಿನಗಳವರೆಗೆ ಹೋದಲ್ಲೆಲ್ಲ ನಂಜನ್ನು ಊಡುತ್ತದೆ.

ಹುರುಳಿಕಾಯಿಯ, ಅಂದರೆ ಪೇಟೆಯಲ್ಲಿ ಬೀನ್ಸ್ ಎಂದು ಮಾರುವ ತರಕಾರಿಯ, ಸಾಮಾನ್ಯ ಮೊಸಾಯಿಕ್ ರೋಗದ ರೀತಿ ಬೇರೆ. ಅದರ ವಾಹಕ ಸಸ್ಯಹೇನು. ಅಲ್ಲಿ ನಂಜಾಣು ಹೇನಿನ ಬಾಯಿಯ ಸೂಜಿಯ ತುದಿಗೆ ಅಂಟಿಕೊಂಡಿದ್ದು, ಒಂದೆರಡು ನಿಮಿಷಗಳೊಳಗೆ ಮತ್ತೊಂದು ಗಿಡವನ್ನು ಸೇರಿಬಿಡುತ್ತದೆ. ಔಷಧಿ ಸಿಂಪಡಿಸಿದ ಗಿಡದ ಮೇಲೆ ಕುಳಿತ ಹೇನು ಸಾಯುವುದಾದರೂ, ಸಾಯುವ ಮುನ್ನವೇ ನಂಜನ್ನು ದಾಟಿಸಿರುತ್ತದೆ. ಈ ರೋಗ ಬೀಜದ ಮೂಲಕವೂ ಬರುವುದರಿಂದ ಆರೋಗ್ಯವಂತ ಬೀಜವೇ ಅದಕ್ಕೆ ಮುಖ್ಯ ಮದ್ದು. ಎರಡು ಹಳದಿಗಳೂ ಕಣ್ಣಿಗೆ ಒಂದೇ ಎನಿಸಿದರೂ ಉಪಾಯಗಳು ಒಂದೇ ಅಲ್ಲವೆಂಬುದನ್ನು ಮರೆಯಲಾಗದು.

ವಿದ್ಯಾರಣ್ಯಪುರದ ಪೂರ್ವಕ್ಕೆ ಅನತಿ ದೂರದಲ್ಲಿಯೇ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ವಿಶಾಲ ಆವರಣವಿದೆ. 1899ರಲ್ಲಿ ಮೈಸೂರಿನ ರಾಜಪ್ರತಿನಿಧಿಯಾಗಿದ್ದ ವಾಣೀವಿಲಾಸ ಸನ್ನಿಧಾನದವರು ದಯಪಾಲಿಸಿದ 30 ಎಕರೆ ಭೂಮಿಯಲ್ಲಿ ಹೆಬ್ಬಾಳದ ಪ್ರಯೋಗಕ್ಷೇತ್ರ ಆರಂಭವಾಯಿತು. ಆ ದಾನದ ಬೀಜವೇ ಬೆಳೆದು 1964ರಲ್ಲಿ ಕೃಷಿ ವಿಶ್ವವಿದ್ಯಾನಿಲಯವೆಂಬ ವೃಕ್ಷವಾಯಿತು. 'ಹೆಬ್ಬಾಳ ಅವರೆ' ಎಂಬ ತಳಿಗಳು ಆ ವೃಕ್ಷದ ಫಲಗಳು.

ಹಳೆಯ ನಾಟಿ ಅವರೆಯು ಹಗಲು ಕಿರಿದಾದಾಗ ಮಾತ್ರ ಹೂ ಬಿಡುವಂಥದು. ಮುಂಗಾರಿನಲ್ಲಿ ರಾಗಿಯ ಅಕ್ಕಡಿ ಸಾಲಿನಲ್ಲಿ ಬಿತ್ತಿದರೆ ಪುಷ್ಯಮಾಸಕ್ಕೆ ಕಾಯಿ. ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ಮೊದಲಾದ ತಳಿಗಳಿಗೆ ಈ ಕಟ್ಟಿಲ್ಲ; ನೀರಿದ್ದರೆ ವರ್ಷವಿಡೀ ಬೆಳೆಯಬಹುದು. ಇದರಿಂದ ಸಣ್ಣ ಹಿಡುವಳಿದಾರರ ಕೈಗೆ ಎಲ್ಲ ಕಾಲದಲ್ಲಿಯೂ ನಾಲ್ಕು ಕಾಸು ಬರುವಂತಾಯಿತು. ಆದರೆ ಪ್ರತಿ ಲಾಭಕ್ಕೂ ಒಂದು ಸುಂಕವಿದೆ. ಹಿಂದೆ ಸುಗ್ಗಿ ಮುಗಿದೊಡನೆ ಹೊಲ ಬರಿದಾಗಿ, ನಂಜಿಗೂ ನೊಣಕ್ಕೂ ಆಸರೆ ತಪ್ಪುತ್ತಿತ್ತು. ಈಗ ಒಂದು ಹೊಲದ ಅವರೆ ಮುಗಿಯುವ ಮುನ್ನ ಪಕ್ಕದ ಹೊಲದಲ್ಲಿ ಮತ್ತೊಂದು ಚಿಗುರುವುದರಿಂದ ನಂಜಿಗೆ ಹಸುರು ಸೇತುವೆ ದೊರೆತಿದೆ. ಬೇಸಗೆಯಲ್ಲಿ ಬಿಳಿನೊಣ ವೃದ್ಧಿಸುವುದರಿಂದ ಆ ಕಾಲದ ಬೆಳೆಗೆ ಅಪಾಯ ಹೆಚ್ಚು. ತಳಿಯನ್ನು ದೂಷಿಸುವುದರಿಂದ ಫಲವಿಲ್ಲ; ಅದನ್ನು ಬಳಸುವ ಕ್ರಮವನ್ನು ಅರಿಯಬೇಕು.

ನಂಜು ಹೊಕ್ಕ ಗಿಡವನ್ನು ಗುಣಪಡಿಸುವ ಔಷಧಿ ಇಲ್ಲ. ಆದುದರಿಂದ ಎಲ್ಲ ಉಪಾಯಗಳೂ ತಡೆಯುವ ಉಪಾಯಗಳೇ. ಮೊದಲನೆಯದು, ಹಳೆಯ ಬೆಳೆಯ ಪಕ್ಕದಲ್ಲಿ ಹೊಸದನ್ನು ಬಿತ್ತದಿರುವುದು. ಎರಡು ಬೆಳೆಗಳ ನಡುವೆ ಹೊಲವನ್ನು ಕೆಲಕಾಲ ಅವರೆಯಿಲ್ಲದೆ ಬಿಡುವುದು. ಎರಡನೆಯದು, ಬಿತ್ತನೆಗೆ ಎರಡು ಮೂರು ವಾರ ಮೊದಲೇ ಹೊಲದ ಸುತ್ತ ಎರಡು ಮೂರು ಸಾಲು ಜೋಳವನ್ನೋ ಮುಸುಕಿನ ಜೋಳವನ್ನೋ ಬೆಳೆಸಿ ಕೀಟಗಳಿಗೆ ಹಸುರು ಗೋಡೆ ಕಟ್ಟುವುದು. ಮೂರನೆಯದು, ಬದುಗಳ ಕಳೆ ತೆಗೆಯುವುದು. ಬಿಳಿನೊಣದ ತವರು ಅಲ್ಲಿಯೇ. ನಾಲ್ಕನೆಯದು, ಗಿಡಗಳ ಎತ್ತರದಲ್ಲಿ ಹಳದಿ ಅಂಟುಬಲೆಗಳನ್ನು ನಿಲ್ಲಿಸಿ ನೊಣಗಳ ಬರವನ್ನು ಗಮನಿಸುವುದು. ಐದನೆಯದು, ನೂರು ಲೀಟರು ನೀರಿಗೆ 5 ಕಿಲೋ ಬೇವಿನ ಬೀಜದ ತಿರುಳಿನಂತೆ ಕಷಾಯ ಮಾಡಿ, ಎಲೆಯ ಕೆಳಬದಿ ತೊಯ್ಯುವಂತೆ ಸಿಂಪಡಿಸುವುದು. ರಾಸಾಯನಿಕಗಳು ಅನಿವಾರ್ಯವಾದರೆ ಕೃಷಿ ಇಲಾಖೆಯವರ ಸಲಹೆಯಂತೆ ಮಿತವಾಗಿ ಬಳಸಬೇಕು. ಒಂದೇ ಔಷಧಿಯನ್ನು ಮತ್ತೆ ಮತ್ತೆ ಸುರಿದರೆ ನೊಣಕ್ಕೆ ಅದು ಒಗ್ಗಿಹೋಗಿ, ಅದನ್ನು ತಿನ್ನುವ ಮಿತ್ರಕೀಟಗಳು ಮಾತ್ರ ನಾಶವಾಗುತ್ತವೆ. ಹಸಿಯಾಗಿ ಕಿತ್ತು ಅಡುಗೆಮನೆಗೆ ಹೋಗುವ ಕಾಯಿಗೆ ಕೊಯ್ಲಿನ ದಿನಗಳಲ್ಲಿ ವಿಷ ಸಿಂಪಡಿಸುವುದು ಉಣ್ಣುವವರಿಗೆ ಬಗೆವ ದ್ರೋಹ. ನಂಜುರೋಗದ ಕಾಯಿಂದ ಮನುಷ್ಯನಿಗೆ ಆ ರೋಗ ಬಾರದು; ಆ ವಿಷದಿಂದ ಮಾತ್ರ ಕೇಡು ತಪ್ಪದು.

ಕೊನೆಯ ಉಪಾಯವೇ ಅತ್ಯಂತ ಸುಲಭ, ಅತ್ಯಂತ ಕಠಿಣ. ಮೊದಲ ಹಳದಿ ಎಲೆ ಕಂಡೊಡನೆ ಆ ಗಿಡವನ್ನು ಬೇರುಸಹಿತ ಕಿತ್ತು, ಚೀಲದಲ್ಲಿ ಮುಚ್ಚಿ ಒಯ್ದು ಹೂಳಬೇಕು. ತಾನೇ ಬಿತ್ತಿ ನೀರೆರೆದ ಜೀವಂತ ಸಸಿಯನ್ನು ಕೀಳಲು ಕೈ ಬಾರದಿರುವುದು ಸಹಜ. 'ಚೇತರಿಸಿಕೊಂಡೀತು, ಎರಡು ಕಾಯಿಯಾದರೂ ಬಿಟ್ಟೀತು' ಎಂಬ ಆಸೆಯಿಂದ ವಾರ ತಡೆದರೆ, ಒಂದು ಗಿಡದ ಮೇಲಿನ ಕನಿಕರವು ನೂರು ಗಿಡಗಳಿಗೆ ಮುಳುವಾಗುತ್ತದೆ. ಮನೆಯ ಚಪ್ಪರಕ್ಕೆ ಹಬ್ಬಿಸಿದ ಒಂದೇ ಬಳ್ಳಿಯಾದರೂ ನಂಜು ಹಿಡಿದಿದ್ದರೆ ನೆರೆಯ ಹಿತ್ತಿಲಿಗೆ ಅದು ಮೂಲವಾಗಬಹುದು. ಬಿಳಿನೊಣಕ್ಕೆ ಬೇಲಿಯ ಗುರುತಿಲ್ಲ.

ಒಬ್ಬ ರೈತನು ಎಷ್ಟೇ ಜಾಗರೂಕನಾಗಿದ್ದರೂ ನೆರೆಯವನು ಉದಾಸೀನನಾದರೆ ಶ್ರಮ ವ್ಯರ್ಥ. ಊರು ಒಟ್ಟಾಗಿ ಬಿತ್ತನೆಯ ಕಾಲವನ್ನು ನಿರ್ಧರಿಸಿ, ಒಟ್ಟಾಗಿ ಹೊಲ ಶುದ್ಧಿ ಮಾಡಿದಲ್ಲಿ ಮಾತ್ರ ನಂಜಿನ ಸೇತುವೆ ಮುರಿಯುತ್ತದೆ. ಶಾಲೆಯ ಕೈತೋಟದಲ್ಲಿ ಹತ್ತು ಅವರೆ ಗಿಡಗಳನ್ನು ಬೆಳೆಸಿ, ಎಲೆಯ ಕೆಳಬದಿಯನ್ನು ತಿರುಗಿಸಿ ನೋಡುವ ಅಭ್ಯಾಸವನ್ನು ಮಕ್ಕಳಿಗೆ ಕಲಿಸುವುದು ಹೆಚ್ಚಿನ ವೆಚ್ಚದ ಕಾರ್ಯವಲ್ಲ. ಆ ಕಣ್ಣು ಮನೆಮನೆಗೆ, ಹೊಲಹೊಲಕ್ಕೆ ಹೋದರೆ ಸೊಗಡವರೆಯ ಪರಿಮಳವು ಮುಂದಿನ ತಲೆಮಾರಿಗೂ ಉಳಿಯುವುದರಲ್ಲಿ ಸಂದೇಹವಿಲ್ಲ.