ಇರುಳಿನ ಅತಿಥಿ ಮತ್ತು ಹೆಣ್ಣಿನ ಮಾತು

ರಾತ್ರಿಯ ಏಕಾಂತದಲ್ಲಿ ಸುಂದರ ಪುರುಷನ ರೂಪ ತಾಳಿ ಹೆಣ್ಣಿನ ಬಳಿಗೆ ಬರುವ ಅಮಾನುಷ ಪ್ರಣಯಿಯ ಕಲ್ಪನೆ ಪೂರ್ವ ಪಶ್ಚಿಮಗಳೆರಡರಲ್ಲಿಯೂ ಇದೆ. ಯುರೋಪಿನ ಪಂಡಿತರು ಅವನನ್ನು ‘ಇನ್‌ಕ್ಯುಬಸ್’ ಎಂದರು. ನಮ್ಮ ಅಜ್ಜಿಯರಿಗೆ ಆ ಹೆಸರು ತಿಳಿದಿರಲಿಲ್ಲ. ಅಂಥವನ ಕಥೆ ಮಾತ್ರ ಚೆನ್ನಾಗಿ ತಿಳಿದಿತ್ತು.

ಸುಮಾರು 1136ರಲ್ಲಿ ಜೆಫ್ರಿ ಆಫ್ ಮನ್‌ಮತ್ ಎಂಬಾತ ಲ್ಯಾಟಿನ್ನಿನಲ್ಲಿ ಬ್ರಿಟನ್ನಿನ ಅರಸರ ಚರಿತ್ರೆಯನ್ನು ಬರೆದನು. ಅದರಲ್ಲಿ ವೋರ್ಟಿಗರ್ನ್ ರಾಜನು ಕಟ್ಟಿಸುವ ಗೋಪುರ ಮತ್ತೆ ಮತ್ತೆ ಕುಸಿಯುತ್ತದೆ. ತಂದೆಯಿಲ್ಲದ ಹುಡುಗನ ರಕ್ತವನ್ನು ತಳಪಾಯಕ್ಕೆ ಚಿಮುಕಿಸಬೇಕೆಂದು ಅವನ ಮಂತ್ರವಾದಿಗಳು ಹೇಳುತ್ತಾರೆ. ಸಿಕ್ಕಿದ ಹುಡುಗನೇ ಮರ್ಲಿನ್. ಅವನ ತಾಯಿ ವೇಲ್ಸ್ ಪ್ರಾಂತದ ಅರಸನೊಬ್ಬನ ಮಗಳು, ಸನ್ಯಾಸಿನಿ. ಮಗುವಿನ ತಂದೆ ಯಾರೆಂಬ ಪ್ರಶ್ನೆಗೆ ಅವಳು, ಚೆಲುವ ತರುಣನೊಬ್ಬ ಬಂದು ಅಪ್ಪಿ ಮಾಯವಾಗುತ್ತಿದ್ದನೆಂದೂ, ಕೆಲವೊಮ್ಮೆ ಕಣ್ಣಿಗೆ ಕಾಣದೆಯೇ ಮಾತನಾಡುತ್ತಿದ್ದನೆಂದೂ ಹೇಳುತ್ತಾಳೆ. ಅರಸನು ಪಂಡಿತನೊಬ್ಬನನ್ನು ಕೇಳುತ್ತಾನೆ. ಅಂಥ ಜೀವಿಗಳು ಉಂಟೆಂದು ಪಂಡಿತನು ಸಮರ್ಥಿಸುತ್ತಾನೆ. ಹುಡುಗನೋ, ನೆಲದಡಿಯ ಕೊಳದಲ್ಲಿ ಮಲಗಿರುವ ಎರಡು ಮಹಾಸರ್ಪಗಳ ರಹಸ್ಯವನ್ನು ಬಯಲುಮಾಡಿ ಬದುಕಿಕೊಳ್ಳುತ್ತಾನೆ. ಮುಂದೆ ಇದೇ ಮಾಯಾವಿ, ಊಥರ್ ರಾಜನಿಗೆ ಪರಪುರುಷನೊಬ್ಬನ ರೂಪ ಕೊಟ್ಟು ಆತನ ಪತ್ನಿಯ ಬಳಿಗೆ ಕಳುಹಿಸುತ್ತಾನೆ. ಆರ್ಥರ್ ಹುಟ್ಟುವುದು ಹಾಗೆ. ಗೌತಮನ ವೇಷದಲ್ಲಿ ಅಹಲ್ಯೆಯ ಬಳಿಗೆ ಬಂದ ಇಂದ್ರನ ನೆನಪಾಗುವುದಿಲ್ಲವೇ?

ನಮ್ಮ ‘ನಾಗಮಂಡಲ’ದಲ್ಲಿ ಮಾಯಾವಿಯೂ ಪ್ರಣಯಿಯೂ ಒಬ್ಬನೇ. ಅಪ್ಪಣ್ಣ ಹೆಂಡತಿ ರಾಣಿಯನ್ನು ಮನೆಯೊಳಗಿಟ್ಟು ಬೀಗ ಹಾಕಿ ಹೋಗುತ್ತಾನೆ. ಮಧ್ಯಾಹ್ನ ಊಟಕ್ಕೆ ಮಾತ್ರ ಬರುತ್ತಾನೆ. ಗಂಡನನ್ನು ಒಲಿಸಿಕೊಳ್ಳಲು ಕುರುಡವ್ವ ಕೊಟ್ಟ ಬೇರು ಬೆರೆಸಿದ ಸಾರನ್ನು ರಾಣಿ ಹೆದರಿ ಹುತ್ತಕ್ಕೆ ಸುರಿಯುತ್ತಾಳೆ. ಒಲಿದದ್ದು ಅಲ್ಲಿದ್ದ ನಾಗರಹಾವು! ಅದು ಅಪ್ಪಣ್ಣನ ರೂಪದಲ್ಲಿ ಇರುಳಿಡೀ ಅವಳನ್ನು ಪ್ರೀತಿಸುತ್ತದೆ. ಅವಳು ಗರ್ಭಿಣಿಯಾದಾಗ ಊರ ಹಿರಿಯರ ಮುಂದೆ ಹಾವನ್ನು ಹಿಡಿದು ದಿವ್ಯ ಮಾಡಬೇಕಾಗುತ್ತದೆ. ಹಾವು ಹೆಡೆಯೆತ್ತಿ ಅವಳಿಗೆ ಕೊಡೆ ಹಿಡಿಯುತ್ತದೆ. ಊರು ಅವಳನ್ನು ದೇವಿಯೆನ್ನುತ್ತದೆ.

ಈ ಕಥೆಗೂ ನಾವಿರುವ ನಾಡಿಗೂ ನಂಟಿದೆ. ಎ. ಕೆ. ರಾಮಾನುಜನ್ ಅವರಿಂದ ಕೇಳಿದ ಜನಪದ ಕಥೆಗಳನ್ನು ಆಧರಿಸಿ ಗಿರೀಶ ಕಾರ್ನಾಡರು ಇದನ್ನು ನಾಟಕವಾಗಿಸಿದ್ದು ಶಿಕಾಗೋ ವಿಶ್ವವಿದ್ಯಾನಿಲಯದಲ್ಲಿದ್ದ ಕಾಲದಲ್ಲಿ. 1993ರಲ್ಲಿ ಮಿನಿಯಾಪೊಲಿಸ್‌ನ ಗತ್ರಿ ರಂಗಮಂದಿರವು ಇದನ್ನು ಆಡಿತು. 1997ರಲ್ಲಿ ಟಿ. ಎಸ್. ನಾಗಾಭರಣರ ನಿರ್ದೇಶನದಲ್ಲಿ ಚಲನಚಿತ್ರವೂ ಆಯಿತು.

ಸಾಹಿತ್ಯ ಓದಿ, ಮದುವೆಯಾಗಿ ಇಲ್ಲಿಗೆ ಬಂದವಳು ನಾನು. ಮೊದಲ ಚಳಿಗಾಲದಲ್ಲಿ, ಯಜಮಾನರು ಕೆಲಸಕ್ಕೆ ಹೋದ ಮೇಲೆ, ಕಾರು ಓಡಿಸಲು ಬಾರದೆ ಹಿಮ ಬೀಳುವುದನ್ನು ನೋಡುತ್ತಾ ಕುಳಿತಾಗ ರಾಣಿ ನನಗೆ ಹತ್ತಿರದವಳಾದಳು. ನನ್ನ ಬಾಗಿಲಿಗೆ ಬೀಗವಿರಲಿಲ್ಲ, ನಿಜ. ಆದರೆ ಬೀಗವಿಲ್ಲದೆಯೂ ಮುಚ್ಚಿರುವ ಬಾಗಿಲುಗಳಿವೆಯೆಂಬುದನ್ನು ಇಲ್ಲಿನ ಅನೇಕ ಸೋದರಿಯರು ಬಲ್ಲರು.

ಎರಡೂ ಕಥೆಗಳ ಒಗಟು ಒಂದೇ: ಮಗುವಿನ ತಂದೆ ಯಾರು? ನನ್ನನ್ನು ಕಾಡುವ ಒಗಟು ಬೇರೆ. ಮರ್ಲಿನ್ನನ ತಾಯಿಯನ್ನು ನಂಬಲು ಪಂಡಿತನ ಸಾಕ್ಷಿ ಬೇಕಾಯಿತು. ರಾಣಿಯನ್ನು ನಂಬಲು ನಾಗರಹಾವಿನ ಸಾಕ್ಷಿ ಬೇಕಾಯಿತು. ಅವರ ಮಾತೊಂದೇ ಏಕೆ ಸಾಲದಾಯಿತು?

ನಮ್ಮ ನಡುವಿನ ಎಳೆಯ ಸೊಸೆಯೊಬ್ಬಳು ಮನೆಯೊಳಗಿನ ನೋವನ್ನು ತೋಡಿಕೊಂಡಾಗ ‘ಹೊಂದಿಕೊಂಡು ಹೋಗಮ್ಮ’ ಎಂದುಬಿಡುವುದು ಸುಲಭ. ಸಮ್ಮೇಳನಕ್ಕೆ ಆಗಮಿಸಿರುವ ಬಂಧುಗಳಲ್ಲಿ ನನ್ನ ವಿನಂತಿಯಿಷ್ಟೇ: ಈ ಕಥೆಗಳನ್ನು ಮಕ್ಕಳಿಗೆ ಹೇಳೋಣ, ಹಾವು ಹೆಡೆಯೆತ್ತುವುದನ್ನು ಕಾಯದೆ, ಹೆಣ್ಣುಮಗಳ ಮಾತನ್ನು ಮೊದಲ ಸಲವೇ ಕಿವಿಗೊಟ್ಟು ಕೇಳೋಣ.